ಡಬ್ಬಿಯ ತಳದ ನೀರು

ನನ್ನ ರೋಗಿಗಳು ಕೂರುವ ಕುರ್ಚಿಯ ಎಡಗಡೆ, ಗೋಡೆಯ ಮೊಳೆಯಲ್ಲಿ, ಒಂದು ಬಿಳಿ ಎನಾಮಲ್ ಡಬ್ಬಿ ತೂಗುತ್ತಿತ್ತು. ಅದರ ತಳದ ಮೂತಿಗೆ ಸಿಕ್ಕಿಸಿದ ಕೆಂಪು ರಬ್ಬರ್ ಕೊಳವೆ ರೋಗಿಯ ಗಲ್ಲದ ಹತ್ತಿರಕ್ಕೆ ಇಳಿದು ಬರುತ್ತಿತ್ತು. ಕೊಳವೆಯ ತುದಿಗೆ ಒಂದು ಕ್ಲಿಪ್ಪು, ಅದರಾಚೆ ಗಾಜಿನ ಸಣ್ಣ ಮೂತಿ. ಕ್ಲಿಪ್ಪು ಸಡಿಲಿಸಿದರೆ ನೀರು ಸಣ್ಣ ಧಾರೆಯಾಗಿ ಬೀಳುತ್ತದೆ. ಹಲ್ಲು ಕಿತ್ತ ಗುಳಿ ತೊಳೆಯಲಿಕ್ಕೆ ಅಷ್ಟು ಸಾಕು. ಆ ಡಬ್ಬಿ ಆಸ್ಪತ್ರೆಗಳಲ್ಲಿ ಎನಿಮಾ ಕೊಡಲು ಬಳಸುವಂಥದ್ದು. ನಾನು ಹೊಸದನ್ನೇ ಕೊಂಡು ತಂದಿದ್ದೆ, ಆದರೂ ಆ ವಿಷಯ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಬಂಟ್ವಾಳದಲ್ಲಿ ಒಂದು ನರಪಿಳ್ಳೆಯೂ ನನ್ನೆದುರು ಬಾಯಿ ತೆರೆಯುತ್ತಿರಲಿಲ್ಲ.

ಅದು ಐವತ್ತರ ದಶಕದ ಕೊನೆ. ಬೊಂಬಾಯಿಯಲ್ಲಿ ದಂತವೈದ್ಯ ಕಲಿತು ಬಂದ ನಾನು ಬಂಟ್ವಾಳ ಪೇಟೆಯಲ್ಲಿ ಒಂದು ಮಾಳಿಗೆ ಹಿಡಿದು ಕೂತಿದ್ದೆ. ಮಂಗಳವಾರ ಬೆಳ್ತಂಗಡಿಗೂ ಶುಕ್ರವಾರ ಮೂಡುಬಿದಿರೆಗೂ ಹೋಗುತ್ತಿದ್ದೆ. ಅಲ್ಲೆರಡು ಕಡೆಯೂ ಒಂದೊಂದು ಸಣ್ಣ ಕೋಣೆ, ಒಂದೊಂದು ಮರದ ಕುರ್ಚಿ, ಗೋಡೆಯಲ್ಲಿ ಒಂದೊಂದು ಡಬ್ಬಿ. ಇಕ್ಕಳ, ಸೂಜಿ, ಹತ್ತಿಯನ್ನು ಚೀಲದಲ್ಲಿ ಹೊತ್ತುಕೊಂಡು ಬಸ್ಸು ಹತ್ತಿದರೆ ಆಯಿತು. ಜನ ಹಲ್ಲು ಕೀಳಿಸಿಕೊಳ್ಳುವುದಕ್ಕೇ ಬರುತ್ತಿದ್ದರು. ಹಲ್ಲು ಉಳಿಸುವ ಮಾತೆತ್ತಿದರೆ, ಇವನಿಗೆ ಕೀಳಲಿಕ್ಕೆ ಬರುವುದಿಲ್ಲವೋ ಏನೋ ಎಂಬಂತೆ ನನ್ನ ಮುಖ ನೋಡುತ್ತಿದ್ದರು.

ನನಗೆ ಒಂದು ವಿಷಯದಲ್ಲಿ ಭಾರೀ ಜಂಬ ಇತ್ತು. ನಾನು ಬಾವಿಯ ನೀರನ್ನು ಹಾಗೇ ಬಳಸುವವನಲ್ಲ. ಮೂರೂ ಕಡೆ ಸೀಮೆಎಣ್ಣೆ ಸ್ಟವ್ ಇಟ್ಟಿದ್ದೆ. ಬೆಳಿಗ್ಗೆ ಬಂದ ಕೂಡಲೇ ನೀರನ್ನು ಕುದಿಸಿ, ಆರಿಸಿ, ಡಬ್ಬಿಗೆ ತುಂಬಿ, ಆಮೇಲೆಯೇ ಮೊದಲ ರೋಗಿಯನ್ನು ಕರೆಯುತ್ತಿದ್ದೆ. ಕಾಯಲು ಕೂತವರಿಗೆ ಸ್ಟವ್ವಿನ ಸದ್ದು ಕೇಳಿಸಲಿ ಎಂದು ಬಾಗಿಲನ್ನು ತೆರೆದೇ ಇಡುತ್ತಿದ್ದೆ.

ಸಂಜೆ ಬಾಗಿಲು ಹಾಕುವ ಮುಂಚೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆ. ಅದನ್ನು ಮಾಡುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ನೀರಿನ ಪಾತ್ರೆಯನ್ನು ಬರಿದು ಮಾಡಿಟ್ಟು ಬಾಗಿಲು ಹಾಕುವ ಕ್ರಮ ಇರಲಿಲ್ಲ. ಕೊಡಪಾನದ ತಳದಲ್ಲಿ ಒಂದು ಗೇಣಾದರೂ ನೀರು ಇರಲೇಬೇಕು, ಇಲ್ಲದಿದ್ದರೆ ಮನೆಗೆ ಒಳ್ಳೆಯದಲ್ಲ ಎಂದು ಅಮ್ಮ ನಾವು ಸಣ್ಣವರಿದ್ದಾಗಿನಿಂದ ಹೇಳಿ ಹೇಳಿ ಅಭ್ಯಾಸ ಮಾಡಿಸಿದ್ದರು. ಆ ಅಭ್ಯಾಸ ನನ್ನ ಕೈಯಲ್ಲಿ ಕೂತುಬಿಟ್ಟಿತ್ತು. ಕೆಲಸ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದ ನೀರನ್ನು ಡಬ್ಬಿಗೆ ಸುರಿದು, ಅರ್ಧದಷ್ಟಾದರೂ ತುಂಬಿತೇ ಎಂದು ನೋಡಿ, ಬೀಗ ಹಾಕುತ್ತಿದ್ದೆ. ಮರುದಿನ ಅದರ ಮೇಲೇ ಹೊಸ ನೀರು. ಬಂಟ್ವಾಳದಲ್ಲಿ ಮರುದಿನ. ಬೆಳ್ತಂಗಡಿಯಲ್ಲಿ, ಮೂಡುಬಿದಿರೆಯಲ್ಲಿ ಮುಂದಿನ ವಾರ.

ಮಾರ್ಚ್ ತಿಂಗಳ ಸೆಕೆ. ಒಂದು ಶುಕ್ರವಾರ ಮೂಡುಬಿದಿರೆಯ ಕೋಣೆಗೆ ಬಸದಿಯ ಹತ್ತಿರದ ಒಂದು ಹಳೆಯ ಜೈನ ಮನೆಯ ಹಿರಿಯಮ್ಮ ಬಂದರು. ಅರುವತ್ತು ದಾಟಿದವರು, ಸಪೂರ ದೇಹ, ನೇರ ಕೂರುವ ಹೆಂಗಸು. ಜೊತೆಗೆ ದೊಡ್ಡ ಮಗ. ಅಮ್ಮನ ಕೈಯಲ್ಲಿ ಒಂದು ಹಿತ್ತಾಳೆ ಗಿಂಡಿ, ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಕೆಳಗಿನ ದವಡೆಯ ಹಲ್ಲು ಹುಳುಕಾಗಿ ಬೇರಿನವರೆಗೆ ಹೋಗಿತ್ತು. ಕೀಳದೆ ಉಪಾಯ ಇರಲಿಲ್ಲ.

"ಡಾಕ್ಟ್ರೇ, ಬಾಯಿ ಮುಕ್ಕಳಿಸ್ಲಿಕ್ಕೆ ನೀರು ನಾನೇ ತಂದಿದ್ದೇನೆ. ನಮ್ಮದು ಸೋಸಿ ಕಾಯಿಸಿದ್ದು," ಎಂದರು.

"ಮುಕ್ಕಳಿಸ್ಲಿಕ್ಕೆ ಆಗಬಹುದು ಅಮ್ಮ. ಆದರೆ ಹಲ್ಲು ತೆಗೆದ ಮೇಲೆ ಗುಳಿ ತೊಳೀಬೇಕು. ಅದಕ್ಕೆ ನೀರು ಈ ಕೊಳವೆಯಿಂದಲೇ ಬರಬೇಕಷ್ಟೆ."

"ನನ್ನ ನೀರು ಆ ಡಬ್ಬಿಗೆ ಹಾಕ್ಲಿಕ್ಕೆ ಆಗೂದಿಲ್ವಾ?"

ಆಗುತ್ತಿತ್ತು. ಡಬ್ಬಿಯನ್ನು ಇಳಿಸಿ, ಇದ್ದದ್ದನ್ನು ಚೆಲ್ಲಿ, ಅವರ ಗಿಂಡಿಯ ನೀರನ್ನು ಹಾಕಿದರೆ ಮುಗಿಯಿತು. ಹೊರಗೆ ಏಳೆಂಟು ಜನ ಕಾಯುತ್ತಿದ್ದರು ಎಂಬುದು ಒಂದು ನೆವ. ನಿಜವಾಗಿ ನನಗೆ ಸಿಟ್ಟು ಬಂದಿತ್ತು. ಊರಿಡೀ ಹೊಗಳುವ ನನ್ನ ನೀರನ್ನು ಇವರು ಸಂಶಯದಿಂದ ನೋಡುವುದೇ?

"ಬೇಕಾಗಿಲ್ಲ ಅಮ್ಮ, ಅದೂ ಕಾಯಿಸಿದ ನೀರೇ."

"ಇವತ್ತು ಕಾಯಿಸಿದ್ದಾ?"

"ಇವತ್ತೇ. ಬೆಳಿಗ್ಗೆ."

"ಹಾಗಾದರೆ ಅಡ್ಡಿಲ್ಲ. ಕಾಯಿಸಿದ ನೀರಿಗೆ ನಮ್ಮಲ್ಲಿ ಒಂದು ದಿನದ ಆಯುಷ್ಯ. ಆಮೇಲೆ ಅದರಲ್ಲಿ ಜೀವ ಹುಟ್ತದೆ. ಅದಕ್ಕೆ ಕೇಳಿದೆ, ಬೇಸರ ಮಾಡಬೇಡಿ," ಎಂದು ಅವರು ಬಾಯಿ ತೆರೆದರು.

ನಾನು ಮನಸ್ಸಿನಲ್ಲೇ ನಕ್ಕೆ. ಕುದಿಸಿದ ನೀರಿನಲ್ಲಿ ಜೀವ ಹುಟ್ಟುತ್ತದಂತೆ! ಹಲ್ಲು ಸಲೀಸಾಗಿ ಬಂತು. ಗುಳಿಯನ್ನು ಚೆನ್ನಾಗಿ, ಬೇಕಾದುದಕ್ಕಿಂತ ಹೆಚ್ಚೇ ತೊಳೆದೆ. ಅವರಿಗೆ ನನ್ನ ನೀರಿನ ಮೇಲೆ ನಂಬಿಕೆ ಬರಲಿ ಎಂದು.

ಸೋಮವಾರ ಮಧ್ಯಾಹ್ನ ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ನನ್ನ ಮಾಳಿಗೆಯ ಮೆಟ್ಟಿಲು ಹತ್ತಿ ಬಂದು ಒಂದು ಚೀಟಿ ಕೊಟ್ಟ. ಹಿರಿಯಮ್ಮನ ಮಗ ಬರೆದದ್ದು. ಅಮ್ಮನಿಗೆ ಜ್ವರ, ಮುಖ ಬಾತಿದೆ, ನುಂಗಲು ಆಗುತ್ತಿಲ್ಲ, ದಯವಿಟ್ಟು ಬರಬೇಕು. ಕುರ್ಚಿಯಲ್ಲಿ ಕೂತಿದ್ದವರನ್ನು ಎಬ್ಬಿಸಿ ಕಳಿಸಿ, ಅದೇ ಬಸ್ಸು ಹತ್ತಿದೆ. ಬಾವು ದವಡೆಯಲ್ಲೇ ನಿಂತಿದ್ದರೆ ಹೆದರಿಕೆ ಇಲ್ಲ, ಕೊರಳಿಗೆ ಇಳಿದರೆ ಉಸಿರು ಕಟ್ಟುತ್ತದೆ ಎಂದು ಕಲಿತದ್ದು ನೆನಪಾಗುತ್ತಿತ್ತು. ಬೊಂಬಾಯಿಯಲ್ಲಿ ಹಾಗೆ ಹೋದವರೊಬ್ಬರನ್ನು ಕಣ್ಣಾರೆ ಕಂಡಿದ್ದೆ.

ಕೊರಳಿಗೆ ಇಳಿದಿತ್ತು. ಕಿವಿಯ ಕೆಳಗಿನಿಂದ ಗಂಟಲಿನ ಎಲುಬಿನವರೆಗೆ ಕೆಂಪಗೆ ಬಿಗಿದುಕೊಂಡಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಊರಿನ ವೈದ್ಯರು ಬಂದು ಪೆನ್ಸಿಲಿನ್ ಸುರುಮಾಡಿದ್ದರು. ಅವರು ನನ್ನನ್ನು ಜಗಲಿಗೆ ಕರೆದುಕೊಂಡು ಹೋಗಿ, "ಎರಡು ದಿನ ಕಳೀಬೇಕು ಮಾರಾಯ್ರೆ, ಆಮೇಲೆ ಮಾತಾಡುವ," ಎಂದರು. ಮಂಗಳೂರಿಗೆ ಕರೆದುಕೊಂಡು ಹೋಗುವ ಮಾತಿಗೆ ಹಿರಿಯಮ್ಮ ಒಪ್ಪಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಅವರು ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕುವವರಲ್ಲ. ಆ ಜ್ವರದಲ್ಲೂ ಹಾಕಿರಲಿಲ್ಲ.

ನಾನು ಹತ್ತಿರ ಹೋದಾಗ ಹಲ್ಲುಗಳ ಸಂದಿಯಿಂದ ಅವರು ಏನೋ ಹೇಳಿದರು. ಬಗ್ಗಿ ಕಿವಿಗೊಟ್ಟೆ.

"ನನ್ನದೇ ತಪ್ಪು ಡಾಕ್ಟ್ರೇ. ಇಷ್ಟು ವರ್ಷ ಬೇರೆಯವರ ನೀರು ಬಾಯಿಗೆ ಮುಟ್ಟಿಸಿದವಳಲ್ಲ. ಅವತ್ತು ಬಿಟ್ಟೆ."

ಅಲ್ಲಿಂದ ಎದ್ದು ನೇರ ನನ್ನ ಕೋಣೆಗೆ ಹೋಗಿ ಬೀಗ ತೆಗೆದೆ. ಒಳಗೆ ಸೆಕೆ ಕಟ್ಟಿಕೊಂಡಿತ್ತು. ಗೋಡೆಯಲ್ಲಿ ಡಬ್ಬಿ ಎಂದಿನಂತೆ ತೂಗುತ್ತಿತ್ತು, ಶುಕ್ರವಾರ ಸಂಜೆ ನಾನೇ ತುಂಬಿಟ್ಟ ನೀರಿನೊಂದಿಗೆ. ಅದನ್ನು ನೋಡಿದಾಗಲೇ ನನಗೆ ಮೊದಲ ಸಲ ಲೆಕ್ಕ ಹೊಳೆದದ್ದು. ಶುಕ್ರವಾರದ ನೀರು ಮುಂದಿನ ಶುಕ್ರವಾರದವರೆಗೆ. ಅದರ ಮೇಲೆ ಹೊಸದು. ಅದರಲ್ಲಿ ಉಳಿದದ್ದರ ಮೇಲೆ ಮತ್ತೆ ಹೊಸದು. ಕೊಳವೆಯಲ್ಲಿರುವುದಂತೂ ಯಾವಾಗಲೂ ಹಳತೇ, ಮೊದಲ ರೋಗಿಯ ಬಾಯಿಗೆ ಹೋಗುವುದೂ ಅದೇ. ಅವತ್ತಿನ ಮೊದಲ ರೋಗಿ ಹಿರಿಯಮ್ಮ.

ಕೊಳವೆಯನ್ನು ಕಿತ್ತು ಮೂಗಿನ ಹತ್ತಿರ ಹಿಡಿದೆ. ಕೊಳೆತ ಹೂವಿನ ನೀರಿನ ವಾಸನೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗೋಡೆಯ ತುಂಬ ಬೂದು ಬಣ್ಣದ ಲೋಳೆ, ಬೆರಳಿಟ್ಟರೆ ಜಾರುತ್ತಿತ್ತು. ಕೆರೆದರೆ ಎಳೆಎಳೆಯಾಗಿ ಬರುತ್ತಿತ್ತು. ಮೂರು ವರ್ಷದಿಂದ ನಾನು ನೀರನ್ನು ಕುದಿಸಿ ಕುದಿಸಿ ಇದರ ಮೂಲಕ ಹರಿಸಿ ಜನರ ಹಸಿಗಾಯಕ್ಕೆ ಬಿಟ್ಟಿದ್ದೆ.

ಅದೇ ಮರದ ಕುರ್ಚಿಯಲ್ಲಿ ಕೂತೆ. ಹೆಂಗಸು ಸತ್ತರೆ ಏನು ಗತಿ ಎಂದು ಮೊದಲು ಹೊಳೆಯಿತು. ಸತ್ತರೆ ಈ ಕೊಳವೆಯನ್ನು ಯಾರಾದರೂ ನೋಡುತ್ತಾರೆಯೇ ಎಂದು ಆಮೇಲೆ. ಸೀಳಿದ ಕೊಳವೆಯನ್ನು ಕಾಗದದಲ್ಲಿ ಸುತ್ತಿ ಚೀಲದ ಅಡಿಗೆ ತುರುಕಿದೆ.

ಅವತ್ತಿನಿಂದ ದಿನಾ ಮೂಡುಬಿದಿರೆಗೆ ಹೋಗಿ ಬರುತ್ತಿದ್ದೆ. ಬಸ್ಸು ನಿಲ್ಲುವ ಪ್ರತಿ ಕಟ್ಟೆಯಲ್ಲೂ ಹತ್ತುವವರ ಮುಖ ನೋಡುತ್ತಿದ್ದೆ. ಸುದ್ದಿ ತರುವವರು ಇವರೇ ಇರಬಹುದೇ ಎಂದು. ಹಿರಿಯಮ್ಮನ ಮನೆಯ ತಿರುವಿನಲ್ಲಿ ಅಂಗಳದಲ್ಲಿ ಜನ ಸೇರಿದ್ದಾರೋ ಎಂದು ಕತ್ತು ಉದ್ದ ಮಾಡುತ್ತಿದ್ದೆ. ಬಸ್ಸಿನಲ್ಲಿ ಜನ ನನ್ನನ್ನು ಹೊಗಳುತ್ತಿದ್ದರು. ಒಬ್ಬ ರೋಗಿಗಾಗಿ ದಿನಾ ಇಷ್ಟು ದೂರ ಬರುವ ಡಾಕ್ಟ್ರು ಯಾರಿದ್ದಾರೆ ಮಾರಾಯ್ರೆ ಎನ್ನುತ್ತಿದ್ದರು. ಅದನ್ನು ಕೇಳುವಾಗ ಸೀಟಿನ ಕೆಳಗೆ ನುಸುಳಿ ಕೂರುವ ಎನಿಸುತ್ತಿತ್ತು.

ಆ ಮನೆಯಲ್ಲಿ ಕಾಯುತ್ತ ಕೂತಾಗ ಅಡುಗೆಮನೆಯ ಕೆಲಸ ಕಣ್ಣಿಗೆ ಬೀಳುತ್ತಿತ್ತು. ಬಾವಿಯಿಂದ ಬಂದ ನೀರನ್ನು ದಪ್ಪ ಬಟ್ಟೆ ಎರಡು ಮಡಿಕೆ ಮಾಡಿ ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದ ಜೀವಜಂತು ಸಾಯಬಾರದೆಂದು ಅದನ್ನು ಸೋಸಿದ ನೀರಿನಲ್ಲೇ ಜಾಲಿಸಿ, ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡುತ್ತಿದ್ದರು. ಇದನ್ನೆಲ್ಲ ಮೊದಲೂ ಕೇಳಿ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇನ್ನೊಂದು. ಸಂಜೆ ಆಗುತ್ತಲೇ ಸೊಸೆ ಎಲ್ಲ ನೀರಿನ ಪಾತ್ರೆಗಳನ್ನೂ ಬರಿದು ಮಾಡಿ, ತೊಳೆದು, ಒರೆಸಿ, ಹಲಗೆಯ ಮೇಲೆ ಕವುಚಿ ಇಡುತ್ತಿದ್ದರು. ಬೆಳಿಗ್ಗೆ ಅವು ಒಣಗಿ ಸದ್ದು ಮಾಡುತ್ತಿದ್ದವು. ನಮ್ಮಮ್ಮ ಕಂಡಿದ್ದರೆ ಹೌಹಾರುತ್ತಿದ್ದರು. ನಾನೂ ಆ ಹಲಗೆಯನ್ನು ನೋಡುತ್ತ ಹೌಹಾರಿದೆ, ಬೇರೆಯೇ ಕಾರಣಕ್ಕೆ.

ಬಂಟ್ವಾಳಕ್ಕೆ ಬಂದು ಸುಮ್ಮನೆ ಕೂರಲಾಗದೆ ಏನೇನೋ ಮಾಡತೊಡಗಿದೆ. ಮೂರು ಕಡೆಯ ಕೊಳವೆಗಳನ್ನೂ ಬಿಸಾಡಿ ಹೊಸತು ತಂದೆ. ಡಬ್ಬಿಯ ನೀರಿಗೆ ಬಾವಿಗೆ ಹಾಕುವ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಚಿಟಿಕೆ ಹಾಕಿದೆ. ನೀರು ಗುಲಾಬಿ ಬಣ್ಣವಾಯಿತು. ಮೊದಲ ರೋಗಿ ನರಿಕೊಂಬಿನವನು, ಹಲ್ಲಿಗೆ ಇನ್ನೂ ಕೈ ಹಾಕಿರಲಿಲ್ಲ, ಬಾಯಿ ಮುಕ್ಕಳಿಸಿ ಉಗುಳಿದವನು ಬೇಸಿನ್ನಿನಲ್ಲಿ ಕೆಂಪು ನೋಡಿ, "ಅಯ್ಯೋ ನೆತ್ತರು!" ಎಂದು ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಮೆಟ್ಟಿಲು ಇಳಿದು ಓಡಿದ. ಬಟ್ಟೆ ಮತ್ತೆ ಸಿಗಲಿಲ್ಲ. ಹತ್ತು ದಿನ ಬಿಟ್ಟು ಆ ಕೊಳವೆಯನ್ನೂ ಸೀಳಿದೆ. ಒಳಗೆ ಕಂದು ಬಣ್ಣ ಹಿಡಿದಿತ್ತು, ಅದರಡಿಯಲ್ಲಿ ಲೋಳೆ ತೆಳ್ಳಗೆ ಆಗಲೇ ಕೂತಿತ್ತು.

ರಬ್ಬರೇ ಬೇಡ ಎಂದು ಪೇಟೆಯ ಹಿತ್ತಾಳೆ ಕೆಲಸದವನಿಂದ ಸಪೂರ ಕೊಳವೆ ಮಾಡಿಸಿದೆ. ಅದು ಒಂದು ವಾರದಲ್ಲಿ ಒಳಗಡೆ ಕಿಲುಬು ಹಿಡಿದು, ಒಬ್ಬ ಹೆಂಗಸು ನೀರಿನ ರುಚಿಗೇ ವಾಂತಿ ಮಾಡಿಕೊಂಡರು. ಅವರು ಮನೆಗೆ ಹೋದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಆ ದಿನಗಳಲ್ಲಿ ಯಾರು ಕೆಮ್ಮಿದರೂ ನನ್ನ ನೀರಿನಿಂದಲೇ ಎನಿಸುತ್ತಿತ್ತು.

ಕೊನೆಗೆ ಯೋಚನೆ ಬೇರೆ ದಾರಿ ಹಿಡಿಯಿತು. ಕೊಳವೆಯನ್ನು ಸವತೆಕಾಯಿಯಂತೆ ಸೀಳಿ ಸೀಳಿ ನೋಡುವುದಕ್ಕಿಂತ, ನೀರು ನಿಲ್ಲಲು ಜಾಗವನ್ನೇ ಕೊಡದಿದ್ದರೆ? ಆಸ್ಪತ್ರೆಯಲ್ಲಿ ಸಲೈನ್ ಮುಗಿದ ಮೇಲೆ ಎಸೆಯುವ ಗಾಜಿನ ಬಾಟಲಿಗಳನ್ನು ತಂದೆ. ಬಿರಡೆಗೆ ಎರಡು ತೂತು, ಎರಡು ಗಾಜಿನ ನಳಿಗೆ. ಒಂದು ತಳದವರೆಗೆ ಮುಳುಗಿರುವುದು, ನೀರು ಹೊರಗೆ ಬರಲಿಕ್ಕೆ. ಇನ್ನೊಂದು ಮೇಲೆಯೇ ನಿಲ್ಲುವುದು, ಗಾಳಿ ಒಳಗೆ ಹೋಗಲಿಕ್ಕೆ. ಗಾಳಿ ಒತ್ತಲು ಏನು ಮಾಡುವುದು ಎಂದು ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಡ್ರೈವರ್ ಪೊಂ ಎಂದು ಹಾರ್ನು ಹಿಂಡಿದ. ಆ ಕಾಲದ ಬಸ್ಸುಗಳ ಹಾರ್ನಿಗೆ ದೊಡ್ಡ ರಬ್ಬರ್ ಬುರುಡೆ ಇರುತ್ತಿತ್ತು. ಅಲ್ಲೇ ರಿಪೇರಿ ಶೆಡ್ಡಿಗೆ ಹೋಗಿ ಮೂರು ಹಳೆಯ ಬುರುಡೆ ತಂದು, ಒಂದೊಂದು ಕಡೆ ಒಂದೊಂದನ್ನು ನನ್ನ ಕಾಲಡಿ ಇಟ್ಟುಕೊಂಡೆ. ತುಳಿದರೆ ಗಾಳಿ ಬಾಟಲಿಗೆ, ನೀರು ರೋಗಿಯ ಬಾಯಿಗೆ. ನೆಲದ ಧೂಳು ಗಾಳಿಯೊಂದಿಗೆ ಹೋಗದಿರಲೆಂದು ಗಾಳಿಯ ನಳಿಗೆಯಲ್ಲಿ ಹತ್ತಿ ತುರುಕಿದೆ. ಮೊದಲ ಸಲ ಜೋರಾಗಿ ತುಳಿದಾಗ ಬಿರಡೆ ಹಾರಿ ಹೋಗಿ ನನ್ನ ಕನ್ನಡಕಕ್ಕೆ ಬಡಿಯಿತು. ಆಮೇಲೆ ಬಿರಡೆಗೆ ತಂತಿ ಕಟ್ಟಿದೆ.

ಒಬ್ಬ ರೋಗಿಗೆ ಒಂದು ಬಾಟಲಿ. ನೀರು ಸಮೇತ ದೊಡ್ಡ ಪಾತ್ರೆಯಲ್ಲಿ ಕುದಿಸಿದ್ದು. ಗೇಣುದ್ದದ ರಬ್ಬರ್ ತುಂಡೂ ಅದರೊಂದಿಗೇ ಕುದಿಯುತ್ತಿತ್ತು. ಕೆಲಸ ಮುಗಿದ ಕೂಡಲೇ ಉಳಿದದ್ದನ್ನು ಚೆಲ್ಲಿ ಕವುಚಿ ಇಡುವುದು. ಸಂಜೆ ಎಲ್ಲ ಬಾಟಲಿಗಳನ್ನೂ ಬರಿದು ಮಾಡಿ ಬೀಗ ಹಾಕುವಾಗ ಮೊದಮೊದಲು ನನ್ನ ಕೈ ತಡೆಯುತ್ತಿತ್ತು. ಎಲ್ಲ ಕಲಿತವನಿಗೂ ಒಳಗೊಳಗೆ ಅಮ್ಮನ ಹೆದರಿಕೆ ಇದ್ದೇ ಇತ್ತು.

ಅಷ್ಟರಲ್ಲಿ ಹಿರಿಯಮ್ಮನ ಬಾವು ಒಡೆದು, ಕೀವು ಹೋಗಿ, ಜ್ವರ ಇಳಿದಿತ್ತು. ಬದುಕಿದರು ಎಂದು ವೈದ್ಯರು ಹೇಳಿದ ದಿನ ಬಸ್ಸಿನಲ್ಲಿ ಅತ್ತುಬಿಟ್ಟೆ. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದೂ ಅವತ್ತೇ ತೀರ್ಮಾನಿಸಿದೆ. ಆ ನೆಮ್ಮದಿ ನಾಲ್ಕು ದಿನ ಬಾಳಿತು. ಐದನೆಯ ದಿನ ಮಗ ಸ್ವತಃ ಬಂಟ್ವಾಳಕ್ಕೆ ಬಂದರು.

"ಡಾಕ್ಟ್ರೇ, ನೀವೇ ಅಮ್ಮನಿಗೆ ಹೇಳಬೇಕು. ಬರುವ ಚತುರ್ದಶಿಯಿಂದ ಮೂರು ದಿನ ನೀರೂ ಬಿಟ್ಟು ಉಪವಾಸ ಮಾಡ್ತೇನೆ ಅಂತ ಕೂತಿದ್ದಾರೆ. ನೇಮ ತಪ್ಪಿದ್ದಕ್ಕೆ ಪ್ರಾಯಶ್ಚಿತ್ತ ಅಂತೆ. ಈ ದೇಹದಲ್ಲಿ ಮಾಡಿದರೆ ಉಳಿಯೂದಿಲ್ಲ ಅಂತ ವೈದ್ಯರು ಹೇಳಿದರೂ ಕೇಳೂದಿಲ್ಲ. ನಿಮ್ಮ ಮಾತು ಕೇಳಬಹುದು."

ನಾನು ಹೊರಟೆ. ದಾರಿಯುದ್ದಕ್ಕೂ ಹೇಳಬಾರದ ಮಾತನ್ನು ಹೇಳದೆಯೇ ಉಪವಾಸ ಬಿಡಿಸುವುದು ಹೇಗೆಂದು ಹುಡುಕಿದೆ. ಒಂದೂ ಸಿಗಲಿಲ್ಲ. ಅವರ ಎದುರು ಕೂತ ಮೇಲೂ ಆರೋಗ್ಯ, ಶಕ್ತಿ, ಹಾಲು, ಹಣ್ಣು ಎಂದೆಲ್ಲ ಏನೋ ಒದರಿದೆ. ಅವರು ಶಾಂತವಾಗಿ ಕೇಳಿ, "ನನ್ನ ತಪ್ಪಿಗೆ ನಾನೇ ಅಲ್ವಾ ಡಾಕ್ಟ್ರೇ?" ಎಂದರು. ಕೊರಳಲ್ಲಿ ಇನ್ನೂ ಗಾಯದ ಗುರುತು ಹಸಿ ಇತ್ತು.

"ನಿಮ್ಮ ತಪ್ಪಲ್ಲ ಅಮ್ಮ. ನಾನು ಸುಳ್ಳು ಹೇಳಿದ್ದು," ಎಂದೆ. ಒಮ್ಮೆ ಬಾಯಿಬಿಟ್ಟ ಮೇಲೆ ಎಲ್ಲ ಹೊರಬಂತು. ಡಬ್ಬಿಯಲ್ಲಿ ಹಿಂದಿನ ವಾರದ ನೀರು ಇದ್ದದ್ದು, ಅದರ ಮೇಲೆ ಹೊಸ ನೀರು ಸುರಿದದ್ದು, ಕೊಳವೆ ಸೀಳಿದಾಗ ಕಂಡದ್ದು, ಅದನ್ನು ಅಡಗಿಸಿದ್ದು. ಮಗ ಬಾಗಿಲಲ್ಲಿ ನಿಂತಿದ್ದರು. ಹೊಡೆದರೆ ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತೆ. ಯಾರೂ ಹೊಡೆಯಲಿಲ್ಲ.

ಹಿರಿಯಮ್ಮ, "ಹಾಗಾದರೆ ಉಪವಾಸ ಮಾಡಬೇಕಾದ್ದು ನಾನಲ್ಲ," ಎಂದರು. ಮಗನ ಮುಖದಲ್ಲಿ ಜೀವ ಬಂತು. ನಾನು ಏಳಲು ಹೊರಟೆ.

"ಕೂತ್ಕೊಳ್ಳಿ. ಆ ಡಬ್ಬಿಯ ನೀರು ಇನ್ನು ಯಾರ್ಯಾರ ಬಾಯಿಗೆ ಹೋಗಿದೆ? ಅವರೆಲ್ಲ ಹೇಗಿದ್ದಾರೆ, ನೋಡಿದ್ದೀರಾ?"

ನೋಡಿರಲಿಲ್ಲ. ಆ ಇಪ್ಪತ್ತು ದಿನಗಳಲ್ಲಿ ದಿನಾ ಹೆದರಿ ಸತ್ತಿದ್ದೆ, ಆದರೆ ಈ ಒಂದು ಮನೆಗಾಗಿ ಮಾತ್ರ. ಇದು ಊರಿಗೆ ಗೊತ್ತಿರುವ ಮನೆ, ಇಲ್ಲಿ ಸಾವಾದರೆ ನನ್ನ ಹೆಸರು ಹೋಗುತ್ತದೆ. ಉಳಿದವರು ಹಲ್ಲು ಕೀಳಿಸಿಕೊಂಡು ಬಸ್ಸು ಹತ್ತಿ ಹೋದವರು. ಅವರ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ನಾಚಿಕೆಯಿಂದ ನನಗೆ ಹಿರಿಯಮ್ಮನ ಮುಖ ನೋಡಲಾಗಲಿಲ್ಲ.

ರೋಗಿಗಳ ಹೆಸರು, ಊರು ಬರೆದಿಡುವ ಪುಸ್ತಕ ಮೂರೂ ಕಡೆ ಇತ್ತು. ಜನವರಿಯಿಂದ ಹಲ್ಲು ಕೀಳಿಸಿಕೊಂಡವರನ್ನೆಲ್ಲ ಗುರುತು ಹಾಕಿಕೊಂಡೆ. ಬಸ್ಸಿನಲ್ಲಿ, ಸಂತೆಯಲ್ಲಿ, ಗೂಡಂಗಡಿಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ದವಡೆ ಹೇಗಿದೆ, ಜ್ವರ ಬಂದಿತ್ತೇ ಎಂದು ಕೇಳಿದೆ. ಡಾಕ್ಟ್ರಿಗೆ ತಲೆ ಕೆಟ್ಟಿದೆ ಎಂದು ಜನ ನಕ್ಕರು. ಇಬ್ಬರಿಗೆ ಬಾವು ಬಂದು ತಾನಾಗಿ ಇಳಿದಿತ್ತು. ಉಳಿದವರು ಗಟ್ಟಿಯಾಗಿದ್ದರು. ಒಂದೊಂದು ಹೆಸರಿನ ಮುಂದೆ ಗೀಟು ಎಳೆಯುವಾಗಲೂ ಎದೆ ಸ್ವಲ್ಪ ಹಗುರಾಗುತ್ತಿತ್ತು. ಕೊನೆಗೆ ಬೆಳ್ತಂಗಡಿಯ ಪುಸ್ತಕದಲ್ಲಿ ಒಂದು ಹೆಸರು ಉಳಿಯಿತು. ನೆರಿಯದವನು. ಹಿರಿಯಮ್ಮನಿಗಿಂತ ಹತ್ತು ಹದಿನೈದು ದಿನ ಮೊದಲು ಬಂದವನು. ಅವನ ಊರಿನವರು ಯಾರೂ ಸಂತೆಯಲ್ಲಿ ಸಿಗಲಿಲ್ಲ.

ಒಂದು ಬುಧವಾರ ಕಕ್ಕಿಂಜೆಯಲ್ಲಿ ಬಸ್ಸಿಳಿದು ನೆರಿಯದ ಕಡೆಗೆ ನಡೆದೆ. ದಾರಿ ಕೇಳಿದ ಕಡೆಯೆಲ್ಲ ಜನ ನನ್ನನ್ನು ಒಂದು ನಮೂನೆ ನೋಡಿ ಕೈ ತೋರಿಸಿದರು, ಯಾರೂ ಹೆಚ್ಚು ಮಾತಾಡಲಿಲ್ಲ. ಕಾಡಿನ ಅಂಚಿನಲ್ಲಿ ಸಣ್ಣ ಮುಳಿಹುಲ್ಲಿನ ಮನೆ. ಅಂಗಳದಲ್ಲಿ ಗೇರುಬೀಜ ಒಣಗಲು ಹಾಕಿತ್ತು. ನಲುವತ್ತರ ಹತ್ತಿರದ ಒಬ್ಬ ಹೆಂಗಸು ಅದನ್ನು ಹರವುತ್ತಿದ್ದರು. ಹಣೆಯಲ್ಲಿ ಕುಂಕುಮ ಇರಲಿಲ್ಲ.

"ಓ, ಹಲ್ಲಿನ ಡಾಕ್ಟ್ರಾ! ಬನ್ನಿ, ಕೂತ್ಕೊಳ್ಳಿ," ಎಂದು ಚಾಪೆ ಹಾಸಿದರು. ಒಳಗೆ ಹೋಗಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದಿಟ್ಟರು. "ಅವರು ಹೋಗಿ ಒಂದೂವರೆ ತಿಂಗಳಾಯ್ತು. ನಿಮಗೆ ಗೊತ್ತಾಗಿ ಬಂದದ್ದಾ?"

"ಏನಾಗಿತ್ತು?" ಎಂದು ಕೇಳಿದ್ದು ನನ್ನ ಧ್ವನಿಯೇ ಇರಬೇಕು.

"ಕಾಡು ಜ್ವರ ಅಂತ ಹೇಳಿದ್ರು. ನೀವು ಹಲ್ಲು ತೆಗೆದ ಮೇಲೆ ಎರಡು ದಿನ ಒಳ್ಳೆ ಆರಾಮ ಇದ್ರು. ಆಮೇಲೆ ಜ್ವರ."

"ಮುಖ ಬಾತಿತ್ತಾ?"

"ಬಾತಿತ್ತು. ಇಲ್ಲಿಂದ ಇಲ್ಲಿವರೆಗೆ." ಅವರು ತಮ್ಮ ಕಿವಿಯ ಕೆಳಗಿನಿಂದ ಗಂಟಲಿನ ಎಲುಬಿನವರೆಗೆ ಕೈ ಎಳೆದು ತೋರಿಸಿದರು. "ಮಂಗನಬಾವು ಅಂತ ಮದ್ದು ಅರೆದು ಹಚ್ಚಿದೆವು. ಇಳೀಲಿಲ್ಲ."

ನಾನು ಚೊಂಬು ಎತ್ತಿ ನೀರು ಕುಡಿದೆ. ಕುಡಿಯದಿದ್ದರೆ ಮಾತಾಡಬೇಕಾಗುತ್ತಿತ್ತು. ಅವರು ಸೆರಗಿನಿಂದ ಕಣ್ಣು ಒರೆಸಿಕೊಂ‍ಡು, "ಡಾಕ್ಟ್ರು ಇಷ್ಟು ದೂರ ನಡೆದು ಬಂದ್ರಲ್ಲ. ಅವರು ಇದ್ದಿದ್ದರೆ ಎಷ್ಟು ಸಂತೋಷ ಪಡ್ತಿದ್ರು," ಎಂದರು. ಆಮೇಲೆ, ನನಗೂ ಒಂದು ಹಲ್ಲು ನೋವುಂಟು, ಅವರು ಹೋದ ಮೇಲೆ ಯಾವುದಕ್ಕೂ ಮನಸ್ಸಾಗಲಿಲ್ಲ, ಬರುವ ಮಂಗಳವಾರ ಬರಲಾ ಎಂದು ಕೇಳಿದರು. ಬನ್ನಿ ಎಂದೆ. ಮಂಗಳವಾರ ಹೇಳುವ ಎಂದು ನನಗೆ ನಾನೇ ಹೇಳಿಕೊಂಡು ಎದ್ದೆ. ದೊಡ್ಡ ಮನೆಯ ಹಿರಿಯಮ್ಮನ ಎದುರು ಬಾಯಿಬಿಟ್ಟವನಿಗೆ ಇಲ್ಲಿ ಬಿಡಲಾಗಲಿಲ್ಲ. ಅಲ್ಲಿ ಹೇಳದಿದ್ದರೆ ಒಂದು ಜೀವ ಹೋಗುತ್ತಿತ್ತು. ಇಲ್ಲಿ ಹೇಳಿದರೆ ಹೋದ ಜೀವ ಬರುತ್ತದೆಯೇ ಎಂದು ದಾರಿಯುದ್ದಕ್ಕೂ ವಾದ ಹೂಡಿದೆ. ಹೆದರಿದವನಿಗೆ ವಾದಗಳಿಗೇನು ಕೊರತೆ.

ಮಂಗಳವಾರ ಅವರು ಎಲ್ಲರಿಗಿಂತ ಮೊದಲೇ ಬಂದಿದ್ದರು. ಕುರ್ಚಿಯಲ್ಲಿ ಕೂರಿಸಿದೆ. ಅವರ ಎದುರೇ ಪಾತ್ರೆಯಿಂದ ಬಾಟಲಿ ತೆಗೆದೆ, ಬಿರಡೆ ಒತ್ತಿ ತಂತಿ ಕಟ್ಟಿದೆ, ನೀರನ್ನು ಬೆಳಕಿಗೆ ಹಿಡಿದೆ. ಕೇಳಲಿ ಎಂದು ಕಾದೆ. ಏನಿದು ಡಾಕ್ಟ್ರೇ, ಮೊದಲು ಹೀಗೆ ಇರಲಿಲ್ಲವಂತಲ್ಲ ಎಂದು ಒಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಮುಕ್ಕಳಿಸಿ ಎಂದು ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟೆ. ಅವರು ಗಟಗಟನೆ ಕುಡಿದುಬಿಟ್ಟರು. "ನಡೆದು ಬಾಯಾರಿತ್ತು," ಎಂದು ನಾಚಿಕೊಂಡು, ಇನ್ನೊಂದು ಲೋಟ ಕೇಳಿದರು.

ಇಕ್ಕಳ ಹಿಡಿದ ನನ್ನ ಕೈ ನಡುಗತೊಡಗಿತು. ಅವರ ತುಟಿಗೆ ತಾಗಿ, ಹಲ್ಲಿಗೆ ತಾಗಿ, ಮತ್ತೆ ಹಿಂದಕ್ಕೆ ಬಂತು. ಎರಡನೆಯ ಸಲವೂ ಹಾಗೇ ಆಯಿತು. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟರು.

"ಹೆದರಬೇಡಿ ಡಾಕ್ಟ್ರೇ. ನನಗೆ ನೋವು ತಡೀಲಿಕ್ಕೆ ಆಗ್ತದೆ," ಎಂದು ಹೇಳಿ ಮತ್ತೆ ಬಾಯಿ ತೆರೆದರು.